ಚಿಲಕ ಯಾವ ಕಡೆಗೆ?

ನಮ್ಮತ್ತೆಗೆ ಲಾಡ್ಜು ಎಂದರೆ ಆಗದು. ಯಾರ್‍ಯಾರೋ ಮಲಗೆದ್ದ ಹಾಸಿಗೆ, ಯಾರೋ ಮುಟ್ಟಿದ ಬಕೆಟ್ಟು, ಬಾಗಿಲಾಚೆ ರಾತ್ರಿಯಿಡೀ ಓಡಾಡುವ ಹೆಜ್ಜೆಗಳು. ಧರ್ಮಸ್ಥಳಕ್ಕೆ ಹೋದರೂ ಅದೇ ರಾತ್ರಿ ಕುಣಿಗಲ್ಲಿಗೆ ವಾಪಸಾಗಬೇಕು, ತಮ್ಮ ಚಾಪೆಯ ಮೇಲೇ ಬೆನ್ನು ಚಾಚಬೇಕು. ಈ ಹಟ ನೋಡಿ ನೋಡಿ ಸಾಕಾಗಿ ಒಂದು ದಿನ ನಮ್ಮ ಯಜಮಾನರು, "ಹಾಗಾದ್ರೆ ಮನೇನೇ ಹೊತ್ಕೊಂಡು ಹೋಗೋಣ ಬಿಡವ್ವ" ಅಂದರು. ತಮಾಷೆಗೆ ಅಂದದ್ದೋ ನಿಜಕ್ಕೋ, ಅವರಿಗೇ ಗೊತ್ತಿರಲಿಲ್ಲ ಅನ್ನಿಸುತ್ತದೆ. 2019ರಲ್ಲಿ ನಾನು ಸ್ಟಾಫ್ ನರ್ಸ್ ಕೆಲಸದಿಂದ ನಿವೃತ್ತಳಾದೆ. ಅದೇ ವರ್ಷದ ಕೊನೆಗೆ ನಮ್ಮ ಮನೆ ಮುಂದೆ ಒಂದು ಸೆಕೆಂಡ್ ಹ್ಯಾಂಡ್ ಡೆಲಿವರಿ ವ್ಯಾನು ಬಂದು ನಿಂತಿತು.

ಬಿಳಿ ಬಣ್ಣ, ಡೀಸೆಲ್ ಎಂಜಿನ್ನು. ಮುಂದೆ ಮೂರು ಜನ ಕೂರುವ ಸೀಟು, ಅದರ ಹಿಂದೆ ಉದ್ದಕ್ಕೂ ತಗಡಿನ ಗೋಡೆ. ಎಡಮಗ್ಗುಲಿಗೆ ಜಾರುಬಾಗಿಲು, ಹಿಂದೆ ಜೋಡಿ ಕದ. ಅಲ್ಲಿಯತನಕ ಅದು ಔಷಧಿ ಪೆಟ್ಟಿಗೆ ಹೊತ್ತು ತುಮಕೂರು ಜಿಲ್ಲೆಯೆಲ್ಲ ತಿರುಗಿತ್ತು. ಒಳಗೆ ಹತ್ತಿದರೆ ರಟ್ಟಿನ ವಾಸನೆ, ಅದರಡಿಗೆ ನನಗೆ ಚೆನ್ನಾಗಿ ಪರಿಚಯವಿದ್ದ ಸಿರಪ್ಪಿನ ವಾಸನೆ.

ನಮ್ಮ ಜಿಲ್ಲೆಗೆ ಇಂಥ ತಿರುಗಾಟ ಹೊಸದೇನಲ್ಲ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯವರು ಹೆಂಡತಿ ಮಕ್ಕಳು, ಪರದೆ ಪೆಟಾರಿ, ಪಾತ್ರೆ ಪಡಗ ಎಲ್ಲ ಕಟ್ಟಿಕೊಂಡು ಊರಿಂದೂರಿಗೆ ಹೋಗಿ 'ಕ್ಯಾಂಪ್' ಮಾಡುತ್ತಿದ್ದರು. ನಮ್ಮದು ಮೂರು ಜನದ ಕಂಪನಿ, ಅಷ್ಟೇ.

ತುಮಕೂರು ರಸ್ತೆಯಲ್ಲಿ ಒಂದು ಟಿಂಕರಿಂಗ್ ಶೆಡ್ ಇತ್ತು. ಅಲ್ಲಿನ ಮೇಸ್ತ್ರಿ ಲಾರಿ ಬಾಡಿ ಕಟ್ಟುವ ಕಡೆ ಕೈ ಪಳಗಿಸಿಕೊಂಡು ಬಂದವರು. ಮಾತು ಕಡಿಮೆ, ಬೀಡಿ ಜಾಸ್ತಿ. ಯಜಮಾನರು ಒಂದು ನೋಟ್‌ಬುಕ್ಕಿನಲ್ಲಿ ಮಂಚ ಎಲ್ಲಿ, ನೀರಿನ ಕ್ಯಾನು ಎಲ್ಲಿ, ಫ್ಯಾನು ಎಲ್ಲಿ ಎಂದು ಬಣ್ಣಬಣ್ಣದ ಪೆನ್ನಿನಲ್ಲಿ ಗೆರೆ ಎಳೆದುಕೊಂಡು ಹೋಗಿದ್ದರು. ಮೇಸ್ತ್ರಿ ಅದನ್ನು ನೋಡಲೇ ಇಲ್ಲ. "ಸಿಸ್ಟರೇ, ನೀವು ಸ್ವಲ್ಪ ಒಳಗೆ ಹತ್ತಿ" ಅಂದರು. ಹತ್ತಿದೆ. ಜಾರುಬಾಗಿಲಿನ ಅಂಚಿನಲ್ಲಿ ಏನನ್ನೋ ಬೆರಳಿನಿಂದ ಒತ್ತಿ ಬಾಗಿಲೆಳೆದರು, ಹಿಂದಿನ ಜೋಡಿ ಕದವನ್ನೂ ಬಡಿದರು. ಹೊರಗಿನಿಂದ ದನಿ ಬಂತು. "ಈಗ ಆಚೆ ಬನ್ನಿ ನೋಡೋಣ."

ಕತ್ತಲು. ಹಿಂದಿನ ಕದದ ಮೇಲೆ ಕೈಯಾಡಿಸಿದರೆ ಬರೀ ತಗಡು. ಹಿಡಿಯಿಲ್ಲ, ಗುಬುಟಿಲ್ಲ, ಒಂದು ತೂತು ಕೂಡ ಇಲ್ಲ. ಜಾರುಬಾಗಿಲಿಗೆ ಹಿಡಿ ಇತ್ತು. ಎಳೆದರೆ ಸಡಿಲವಾಗಿ ಬಂತು, ಬಾಗಿಲು ಅಲುಗಲಿಲ್ಲ. ಅವರು ಒತ್ತಿದ್ದು ಚೈಲ್ಡ್ ಲಾಕಿನ ಗುಂಡಿ.

ಬಾಗಿಲು ತೆಗೆದವರೇ, "ಇದು ಡಬ್ಬ ಸಾಗ್ಸೋಕೆ ಮಾಡಿರೋ ಗಾಡಿ. ಡಬ್ಬಕ್ಕೆ ತಾನಾಗಿ ಆಚೆ ಬರೋ ಕೆಲಸ ಇಲ್ವಲ್ಲ. ಮಂಚ ಆಮೇಲೆ ಮಾಡೋಣ" ಅಂದರು.

ನನಗೆ ಅದು ಹೊಸ ಅನುಭವವಾಗಿರಲಿಲ್ಲ, ಮರೆತಿದ್ದೆ ಅಷ್ಟೇ. ತೊಂಬತ್ತರ ದಶಕದಲ್ಲಿ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಯಾವುದೋ ಹಳೆಯ ವ್ಯಾನನ್ನೇ ಆಂಬುಲೆನ್ಸ್ ಮಾಡಿಕೊಂಡಿದ್ದರು. ಹೆರಿಗೆ ಕಷ್ಟವಾದ ಹೆಂಗಸರನ್ನು ದೊಡ್ಡಾಸ್ಪತ್ರೆಗೆ ಒಯ್ಯುವಾಗ ಹಿಂದೆ ನಾನು, ರೋಗಿ, ರೋಗಿಯ ತಾಯಿ. ಡ್ರೈವರ್ ಇಳಿದು ಬಂದು ತೆಗೆದರೇ ಬಾಗಿಲು. ಒಂದು ಸಲ ರೈಲ್ವೆ ಗೇಟು ಬಿದ್ದಿತ್ತು, ಆತ ಟೀ ಕುಡಿಯಲು ಇಳಿದುಹೋದ. ಒಳಗೆ ಸಲೈನ್ ಬಾಟಲಿ ಮುಗಿಯುತ್ತಾ ಬಂದಿದೆ, ಇನ್ನೊಂದು ಬಾಟಲಿ ಮುಂದಿನ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿದೆ. ಗಾಜಿನ ಮೇಲೆ ಬಳೆ ಒಡೆಯುವಷ್ಟು ಬಡಿದೆ. ಏನೂ ಅನಾಹುತವಾಗಲಿಲ್ಲ, ಆತ ಬಂದ, ಹೆರಿಗೆಯೂ ಸುಸೂತ್ರವಾಯಿತು. ಆದರೆ ತೆಗೆಯುವವನು ಹೊರಗೆ, ತೆಗೆಸಿಕೊಳ್ಳಬೇಕಾದವಳು ಒಳಗೆ ಎಂಬ ಆ ಸ್ಥಿತಿ ಮೈಯಲ್ಲಿ ಎಲ್ಲೋ ಉಳಿದುಹೋಗಿತ್ತು.

ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಚಿಲಕದ ವಿಷಯ ಬೇರೆ ಥರ ಗೊತ್ತಿರುತ್ತದೆ. ಸೊಂಟದಿಂದ ಮೇಲೆ ಬೆಂದ ಹುಡುಗಿಯರು ಬರುತ್ತಿದ್ದರು. ಸ್ಟವ್ ಸಿಡಿಯಿತು ಎನ್ನುತ್ತಿದ್ದರು ಕರೆತಂದವರು. ಹೇಳಿಕೆ ತೆಗೆದುಕೊಳ್ಳಲು ಬಂದವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದು: ಚಿಲಕ ಒಳಗಡೆಯಿಂದ ಹಾಕಿತ್ತೋ, ಹೊರಗಡೆಯಿಂದಲೋ? ಡ್ರಿಪ್ ಸರಿ ಮಾಡುವ ನೆಪದಲ್ಲಿ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಕೆಲವರು ಉತ್ತರ ಹೇಳುತ್ತಿದ್ದರು, ಕೆಲವರು ಮುಖ ಆಚೆ ತಿರುಗಿಸುತ್ತಿದ್ದರು. ಆ ಒಂದು ಸಂಗತಿಯ ಮೇಲೆ ಇಡೀ ಕೇಸೇ ತಿರುಗಿಬಿಡಬಹುದಿತ್ತು. ಮನೆ ಯಾರದು ಎಂಬುದನ್ನು ಮನೆಪತ್ರ, ಖಾತೆ ಹೇಳುತ್ತವೆ. ಬಾಗಿಲು ಯಾರದು ಎಂಬುದನ್ನು ಚಿಲಕ ಹೇಳುತ್ತದೆ ಎಂದು ನನಗನ್ನಿಸಿದ್ದು ಆ ವಾರ್ಡಿನಲ್ಲಿ.

ಹಾಗಾಗಿ ಮೇಸ್ತ್ರಿ ಮಂಚ ಆಮೇಲೆ ಎಂದಾಗ ನಾನು ಮರುಮಾತಾಡಲಿಲ್ಲ. ಯಜಮಾನರ ನೋಟ್‌ಬುಕ್ಕು ಮಡಚಿ ಚೀಲಕ್ಕೆ ಹೋಯಿತು.

ಮೊದಲು ಆದದ್ದು ಕಿತ್ತುಹಾಕುವ ಕೆಲಸ. ಹಿಂದಿನ ಕದಗಳ ಹೊರಮೈಗೆ ಹಳೆಯ ಮಾಲೀಕರು ದಪ್ಪನೆಯ ಕಬ್ಬಿಣದ ಕೊಂಡಿ ವೆಲ್ಡ್ ಮಾಡಿಸಿದ್ದರು, ಬೀಗ ಹಾಕಲು. ಮಾಲು ಕಾಯುವವರಿಗೆ ಅದು ಸರಿಯೇ. ಆದರೆ ನಾವು ಒಳಗೆ ಮಲಗಿದ್ದಾಗ ದಾರಿಹೋಕ ಪುಂಡನೊಬ್ಬ ಆ ಕೊಂಡಿಗೆ ಒಂದು ಬೋಲ್ಟು ತೂರಿಸಿದರೆ ಮುಗಿಯಿತು. ಗ್ರೈಂಡರ್ ಇಟ್ಟು ಅದನ್ನು ಸವರಿ ತೆಗೆದರು. ಕಿಡಿ ಹಾರುವುದನ್ನು ನೋಡಲು ಶೆಡ್ಡಿನ ಮುಂದೆ ಸ್ಕೂಲು ಮಕ್ಕಳು ನಿಂತುಬಿಟ್ಟಿದ್ದರು.

ಆಮೇಲೆ ಡೋರ್ ಪ್ಯಾಡ್ ಬಿಚ್ಚಿದರು. ಹೊರಗಿನಿಂದ ಬರೀ ಒಂದು ಹಿಡಿಯಾಗಿ ಕಾಣುವ ಲಾಕಿಗೆ ಒಳಗೆ ದೊಡ್ಡ ಸಂಸಾರವೇ ಇದೆ. ಚೌಕಟ್ಟಿನಲ್ಲಿ ಒಂದು ಉಕ್ಕಿನ ಗೂಟ, ಮೆಕ್ಯಾನಿಕ್‌ಗಳ ಬಾಯಲ್ಲಿ ಸ್ಟ್ರೈಕರ್. ಕದದಲ್ಲಿ ಅದನ್ನು ಕಚ್ಚಿ ಹಿಡಿಯುವ ಕೊಕ್ಕೆ. ಬಾಗಿಲು ಬಡಿದಾಗ ಕೊಕ್ಕೆ ತಿರುಗಿ ಗೂಟವನ್ನು ಕಚ್ಚುತ್ತದೆ. ಅದು ಮತ್ತೆ ಹಿಂದಕ್ಕೆ ತಿರುಗದಂತೆ ಸಣ್ಣದೊಂದು ನಾಲಗೆ ಅಡ್ಡ ಬಂದು ಕೂರುತ್ತದೆ. ಬಾಗಿಲು ತೆಗೆಯುವುದೆಂದರೆ ಆ ನಾಲಗೆಯನ್ನು ಒಂದು ಬೆರಳಿನಷ್ಟು ಬದಿಗೆ ಸರಿಸುವುದು, ಇನ್ನೇನಿಲ್ಲ. ಹೊರಗಿನ ಹಿಡಿಯಿಂದ ಒಂದು ಕಡ್ಡಿ ಬಂದು ಆ ನಾಲಗೆಯನ್ನು ತಳ್ಳುತ್ತದೆ. ಕೀ ತಿರುಗಿಸಿದರೆ ನಾಲಗೆಗೆ ಏನೂ ಆಗುವುದಿಲ್ಲ, ಕಡ್ಡಿಗೂ ನಾಲಗೆಗೂ ನಡುವಿನ ಸಂಬಂಧ ಕಡಿಯುತ್ತದೆ, ಹಿಡಿ ಸುಮ್ಮನೆ ಆಡುತ್ತದೆ. ಲಾಕ್ ಮಾಡುವುದೆಂದರೆ ಬಾಗಿಲನ್ನು ಇನ್ನಷ್ಟು ಬಿಗಿ ಮಾಡುವುದು ಎಂದೇ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಹಾಗಲ್ಲವಂತೆ, ಹಿಡಿಯನ್ನು ನಿರುಪಯೋಗಿ ಮಾಡುವುದಂತೆ.

ಯಜಮಾನರು ಹೊರಗಿನ ಹಿಡಿಯ ಕಡ್ಡಿಗೇ ಬಾನೆಟ್ ಕೇಬಲ್ ಕಟ್ಟಿ ಒಳಕ್ಕೆ ತಂದರಾಯಿತು ಎಂದರು. ಸುಲಭದ ದಾರಿ, ಖರ್ಚೂ ಕಡಿಮೆ. ಮೇಸ್ತ್ರಿ ಬೀಡಿ ಕೆಳಗಿಟ್ಟು, ಆ ದಿನದ ಮಟ್ಟಿಗೆ ದೊಡ್ಡ ಭಾಷಣವನ್ನೇ ಮಾಡಿದರು. "ಆ ಕಡ್ಡಿಗೆ ಕಟ್ಟಿದ್ರೆ ಆಚೆಯಿಂದ ಯಾರಾನ ಕೀ ತಿರುಗಿಸಿದ ಕೂಡ್ಲೆ ನಿಮ್ದೂ ಸತ್ತೋಯ್ತದೆ ಸಾರ್. ನಾಲಗೆಗೇ ಕಟ್ಟಬೇಕು. ಆಚೆ ಲಾಕ್ ಆಗಿರ್ಲಿ, ಆಗದೇ ಇರ್ಲಿ, ಒಳಗಿದ್ದೋರು ಎಳೆದ್ರೆ ಬಂದುಬಿಡಬೇಕು."

ಇಡೀ ಕೆಲಸದ ಸಾರ ಅಷ್ಟೇ. ಹೊರಗಿನಿಂದ ಬರುವವನಿಗೆ ಲಾಕ್ ಲಾಕೇ ಆಗಿರಬೇಕು, ಒಳಗಿನಿಂದ ಹೋಗುವವರಿಗೆ ಅದು ಇಲ್ಲದಂತೆಯೇ ಇರಬೇಕು. ನಮ್ಮ ಹಳ್ಳಿ ಮನೆಯ ತಲೆಬಾಗಿಲಿಗೆ ಇದ್ದ ಮರದ ಅಗುಳಿ ಮಾಡುತ್ತಿದ್ದುದೂ ಇದನ್ನೇ.

ಕೇಬಲ್ ಬೇಡವೆಂದೂ ಅವರೇ ತೀರ್ಮಾನಿಸಿದರು. ಕೇಬಲ್ ವರ್ಷ ಕಳೆದಂತೆ ಜಗ್ಗುತ್ತದೆ, ಧೂಳು ತುಂಬಿ ತುಕ್ಕು ಹಿಡಿಯುತ್ತದೆ, ಬೇಕಾದ ದಿನ ಕೈಗೆ ಬರೀ ತಂತಿ ಬರುತ್ತದೆ. ಪೆನ್ಸಿಲ್ ದಪ್ಪದ ಉಕ್ಕಿನ ಕಡ್ಡಿ ಬಗ್ಗಿಸಿ, ತುದಿಗೆ ಪ್ಲಾಸ್ಟಿಕ್ ಬುಷ್ ಹಾಕಿ, ನಾಲಗೆಯ ಕಿವಿಗೆ ಸಿಕ್ಕಿಸಿದರು. ಗುಜರಿಯಿಂದ ತಂದ ಯಾವುದೋ ಕಾರಿನ ಒಳಹಿಡಿಯನ್ನು ಇನ್ನೊಂದು ತುದಿಗೆ ಕೂರಿಸಿ ಬಾಗಿಲು ಹಾಕಿ ತೆಗೆದು, ಹಾಕಿ ತೆಗೆದು ತೋರಿಸಿದರು. ನಮಗಿಬ್ಬರಿಗೂ ಸರಿಯಿತ್ತು. ಮರುದಿನ ಅತ್ತೆಯನ್ನು ಕರೆದುಕೊಂಡು ಹೋದೆವು.

ಅತ್ತೆಯ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ಎರಡು ಬೆರಳು ತೂರಿಸಿ ಎಳೆಯುವ ಆ ಹಿಡಿ ಅವರಿಗೆ ಜಗ್ಗಲೇ ಇಲ್ಲ. "ಇದೇನ್ಲಾ ಇದು, ಮೂಗಿಗೆ ನತ್ತು ಹಾಕೋ ಕೆಲಸ! ನಂಗೆ ಹಿಡಿತುಂಬ ಸಿಗೋದು ಹಾಕ್ರಪ್ಪ" ಎಂದು ಮೇಸ್ತ್ರಿಯನ್ನೇ ಗದರಿದರು. ಅಷ್ಟಕ್ಕೇ ಬಿಡದೆ ಚಾಪೆ ತರಿಸಿ ವ್ಯಾನಿನೊಳಗೆ ಹಾಸಿ ಮಲಗಿದರು, ಕಣ್ಣು ಮುಚ್ಚಿಕೊಂಡು ತಲೆಯ ಪಕ್ಕದಲ್ಲಿ ಕೈಯಾಡಿಸಿದರು. "ರಾತ್ರಿ ಎಚ್ಚರಾದ್ರೆ ನನ್ ಕೈ ಹೋಗೋದು ಇಲ್ಲಿಗೆ. ನೀವು ಅಷ್ಟ್ ಮ್ಯಾಲೆ ಇಟ್ರೆ ನಾನ್ ಎದ್ದು ನಿಂತು ಹುಡುಕ್ಲಾ?"

ಹಿಡಿ ಒಂದು ಗೇಣು ಕೆಳಗಿಳಿಯಿತು. ಕಾರಿನ ಹಿಡಿಯ ಜಾಗಕ್ಕೆ ಮುಷ್ಟಿ ತುಂಬ ಸಿಗುವ ಕಬ್ಬಿಣದ ಕಡಗ ಬಂತು, ಕೆಂಪು ಬಣ್ಣ ಬಳಿದದ್ದು. ನಾನು ಎಷ್ಟೋ ಜನ ಎಂಜಿನಿಯರುಗಳು ಕಟ್ಟಿದ ಆಸ್ಪತ್ರೆ ಕಟ್ಟಡಗಳಲ್ಲಿ ಕೆಲಸ ಮಾಡಿದ್ದೇನೆ. ಅವರಲ್ಲಿ ಒಬ್ಬರಾದರೂ ಹೀಗೆ ಮಂಚದ ಮೇಲೆ ಮಲಗಿ ಕಾಲಿಂಗ್ ಬೆಲ್ಲಿನ ಸ್ವಿಚ್ಚು ಕೈಗೆ ಎಟುಕುತ್ತದೆಯೇ ಎಂದು ನೋಡಿದ್ದರೆ ಎಷ್ಟು ಚೆನ್ನಾಗಿತ್ತು.

ಕಡಗ ಬಂದ ಮೇಲೆ ಅದರದೇ ಒಂದು ತಲೆನೋವು. ಗಾಡಿ ಓಡುವಾಗ ಚೀಲ ತಗುಲಿಯೋ, ನಿಂತಾಗ ರಜಕ್ಕೆ ಬಂದ ಮೊಮ್ಮಗ ಆಟಕ್ಕೆ ಎಳೆದೋ ಬಾಗಿಲು ತೆರೆದುಕೊಂಡರೆ? ಮೇಸ್ತ್ರಿ ಕಡಗದ ಸುತ್ತ ತಗಡಿನ ಬಟ್ಟಲಿನಂಥದೊಂದು ಕೂರಿಸಿದರು. ಕೈ ಒಳಗೆ ಹಾಕಿ ನಮ್ಮ ಕಡೆಗೆ ನೇರವಾಗಿ ಎಳೆದರೆ ಮಾತ್ರ ಬರುತ್ತದೆ, ಮೇಲಿಂದ ಭಾರ ಬಿದ್ದರೆ ಬರುವುದಿಲ್ಲ. ಜಾರುಬಾಗಿಲಿನ ಚೈಲ್ಡ್ ಲಾಕಿನ ಗುಂಡಿಗೆ ಒಂದು ಪಟ್ಟಿ ರಿವಿಟ್ ಹೊಡೆದು, ಅದು ಮತ್ತೆ ಕೆಳಗಿಳಿಯದಂತೆ ಮಾಡಿದರು. ಅದೇ 2019ರ ಜುಲೈ 1ರಿಂದ ಟ್ಯಾಕ್ಸಿಗಳಲ್ಲಿ ಚೈಲ್ಡ್ ಲಾಕ್ ಇರಬಾರದು, ಸೆಂಟ್ರಲ್ ಲಾಕ್ ಇದ್ದರೂ ಒಳಗಿನವರು ಕೈಯಿಂದಲೇ ತೆಗೆಯುವಂತಿರಬೇಕು ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ಒಂಟಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಬಾಗಿಲು ತೆಗೆಯದಂತೆ ಮಾಡಿದ ಪ್ರಕರಣಗಳು ಅದರ ಹಿಂದಿದ್ದವು. ಮಗುವನ್ನು ಕಾಯಲು ಮಾಡಿದ ಗುಂಡಿ ಯಾರ ಕೈಗೆ ಸಿಕ್ಕಿ ಏನಾಗಿಬಿಡುತ್ತದೆ ನೋಡಿ.

ಕೊನೆಗೆ ಬ್ಯಾಟರಿಯ ಟರ್ಮಿನಲ್ ಬಿಚ್ಚಿಟ್ಟು ಮತ್ತೊಮ್ಮೆ ಎರಡೂ ಬಾಗಿಲು ಪರೀಕ್ಷೆ ಮಾಡಿದರು. ವೈರು ಸುಟ್ಟುಹೋದ ಹೊತ್ತಲ್ಲೇ ಬಾಗಿಲು ಬೇಕಾಗುವುದು, ಅಂಥ ಹೊತ್ತಲ್ಲಿ ಸೆಂಟ್ರಲ್ ಲಾಕಿನ ಮೋಟಾರು ಕೆಲಸ ಮಾಡೀತೆಂಬ ನಂಬಿಕೆ ಇಟ್ಟುಕೊಳ್ಳಬಾರದು.

"ಜಾರುಬಾಗಿಲು ಒಂದಿದ್ರೆ ಸಾಲ್ದಾ ಮೇಸ್ತ್ರಿ, ಹಿಂದಿನದಕ್ಕೆ ಯಾಕಿಷ್ಟು ಒದ್ದಾಟ?" ಎಂದು ಯಜಮಾನರು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನಮ್ಮೂರಿನಲ್ಲಿ ಮಾತ್ರ ಬರಬಹುದಾದದ್ದು. ಟಿಪ್ಪುವಿನ ಕಾಲದ್ದೆಂದು ಹೇಳುವ ಕುದುರೆ ಫಾರಂ ಕುಣಿಗಲ್ಲಿನಲ್ಲಿದೆ. ಕುದುರೆ ಸಾಗಿಸುವ ಗಾಡಿಗಳನ್ನು ರಿಪೇರಿ ಮಾಡಿದ ಅನುಭವ ಅವರಿಗಿತ್ತು. "ಕುದುರೆ ಗಾಡೀಲಿ ಕುದುರೆಗೆ ಹಿಂದೆ ದೊಡ್ಡ ಹಲಗೆ ಬಾಗಿಲು, ಕುದುರೆ ನೋಡ್ಕೊಳೋ ಸೈಸನಿಗೆ ಪಕ್ಕದಲ್ಲಿ ಸಣ್ಣದು ಬೇರೆ ಇರ್ತದೆ ಸಾರ್. ಕುದುರೆ ಬೆದರಿ ಒದೆಯೋಕೆ ನಿಂತ್ರೆ ಅವನು ಅದರ ಕಾಲ್ ಸಂದೀಲಿ ನುಸುಳಿ ಬರೋಕಾಯ್ತದಾ?" ಅಪಾಯ ಯಾವ ಕಡೆ ನಿಂತಿದೆಯೋ ಅದರ ಎದುರು ಕಡೆ ಒಂದು ದಾರಿ ಇರಬೇಕು. ಎಂಜಿನ್ ಕಡೆ ಹೊಗೆ ಬಂದರೆ ಹಿಂದಿನಿಂದ, ಹಿಂದೆ ಬೆಂಕಿಯಾದರೆ ಮಗ್ಗುಲಿನಿಂದ. ಮೇಲಾಗಿ ಗಾಡಿಗೆ ಪೆಟ್ಟು ಬಿದ್ದು ಚೌಕಟ್ಟು ಸ್ವಲ್ಪ ಸೊಟ್ಟಗಾದರೂ ಜಾರುಬಾಗಿಲು ಅದರ ಹಳಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಇದೇ ಮಾತಿನಿಂದ ನೋಟ್‌ಬುಕ್ಕಿನ ಅಡುಗೆಮನೆಯೂ ಎದ್ದುಹೋಯಿತು. ಗ್ಯಾಸ್ ಒಲೆಯನ್ನು ಜಾರುಬಾಗಿಲಿನ ಪಕ್ಕ ಬರೆದಿದ್ದರು, ಗಾಳಿ ಬೆಳಕು ಚೆನ್ನಾಗಿರುತ್ತದೆ ಎಂದು. ಆದರೆ ಬೆಂಕಿಯಾಗುವ ಜಾಗವನ್ನೇ ಓಡುವ ದಾರಿಯಲ್ಲಿ ಇಟ್ಟಂತಾಯಿತಲ್ಲ. ಒಲೆಯನ್ನು ಹಿಂದಿನ ಕದದ ಹತ್ತಿರ, ಮಂಚದ ಕೆಳಗೆ ಎಳೆದು ತಳ್ಳುವ ಡ್ರಾಯರಿಗೆ ಹಾಕಿದೆವು. ನೆಲದ ಮೇಲೆ ನಿಂತು ಅಡುಗೆ, ಮುಗಿದ ಮೇಲೆ ಐದು ಕಿಲೋ ಸಿಲಿಂಡರು ವ್ಯಾನಿನ ಹೊರಗೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಕಿಟಕಿ ತೆರೆದಿಟ್ಟರೂ ಪೂರ್ತಿ ಹೋಗುವುದಿಲ್ಲ.

ಬಸ್ಸುಗಳ ಕಥೆ ನೆನಪಿರುವವರಿಗೆ ಇದೆಲ್ಲ ಅತಿಯೆನಿಸದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೆಂ ಬಳಿ ಹೊತ್ತಿ 45 ಜನ ಹೋದರು. ಎರಡು ವಾರ ಕಳೆದ ಮೇಲೆ ಹಾವೇರಿಯ ಹತ್ತಿರ ಇನ್ನೊಂದು ಬಸ್ಸು, ಏಳು ಜನ. ಬಸ್ಸುಗಳಲ್ಲಿ ಗಾಜು ಒಡೆಯುವ ಸುತ್ತಿಗೆ ಇದೆಯೇ ಎಂದು ಜನ ಕಣ್ಣಾಡಿಸಿ ನೋಡತೊಡಗಿದ್ದು ಆಗಿನಿಂದ. ನಾವೂ ಒಂದು ಕೊಂಡು ಮುಂದಿನ ಸೀಟಿನ ಪಕ್ಕ ನೇತುಹಾಕಿದೆವು. ಅದು ಪಕ್ಕದ ಗಾಜುಗಳಿಗೆ ಮಾತ್ರ, ಹೊಡೆಯುವುದೂ ನಡುವೆ ಅಲ್ಲ, ಮೂಲೆಗೆ. ಮುಂದಿನ ದೊಡ್ಡ ಗಾಜು ಎರಡು ಪದರದ ನಡುವೆ ಹಾಳೆ ಅಂಟಿಸಿದ್ದು, ಬಿರುಕು ಬಿಟ್ಟರೂ ಕಳಚಿ ಬೀಳುವುದಿಲ್ಲ.

ಕಾಯ್ದೆಯ ಮಾತನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಪ್ಪುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಗಟ್ಟಿಯಾಗಿ ಹೇಳಿತು. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನಿಗೆ ನಮ್ಮ ದೇಶದ ವಾಹನ ಪಟ್ಟಿಯಲ್ಲಿ ಜಾಗವಿದೆ, ಆದರೆ ಅದಕ್ಕೆ ಬೇರೆ ಮಾನದಂಡ, ಬೇರೆ ಒಪ್ಪಿಗೆ ಬೇಕು. ನಾವು ಅಷ್ಟು ದೂರ ಹೋಗಲಿಲ್ಲ. ತಗಡಿನ ಗೋಡೆ ಕೊರೆಯಲಿಲ್ಲ, ಸೀಟು ಸೇರಿಸಲಿಲ್ಲ, ಮಂಚ ಪೆಟ್ಟಿಗೆ ಎಲ್ಲ ಬಿಚ್ಚಿ ಇಳಿಸಬಹುದಾದದ್ದು. ಓಡುವಾಗ ಮೂವರೂ ಮುಂದೆ, ಹಿಂದೆ ಯಾರೂ ಇಲ್ಲ. ನಿಂತ ಮೇಲೆಯೇ ಮಲಗುವುದು. ಮೊಮ್ಮಗ ಎಷ್ಟು ಅತ್ತರೂ ಈ ನಿಯಮ ಮುರಿಯಲಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಬಾಗಿಲು ತೆಗೆಯುವುದನ್ನು ಇಷ್ಟೊಂದು ಕಲಿತ ವ್ಯಾನು ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತಿತು. ನನ್ನನ್ನು ಆಸ್ಪತ್ರೆಯವರು ಮತ್ತೆ ಕರೆಸಿಕೊಂಡರು, ಆ ಕಥೆ ಇಲ್ಲಿ ಬೇಡ.

ಕೊನೆಗೂ ವ್ಯಾನಿನಲ್ಲಿ ಮೊದಲ ರಾತ್ರಿ ಕಳೆದದ್ದು ಮಾರ್ಕೋನಹಳ್ಳಿಯಲ್ಲಿ, ಶಿಂಷಾ ನದಿಯ ಅಣೆಕಟ್ಟೆಯ ಹತ್ತಿರ. ಅಲ್ಲಿನ ಸೈಫನ್ ಪ್ರಸಿದ್ಧ. ಕೆರೆ ತುಂಬಿ ನೀರು ಒಂದು ಮಟ್ಟ ಮುಟ್ಟಿದರೆ ಯಾರೂ ಗೇಟು ಎತ್ತಬೇಕಾಗಿಲ್ಲ, ತಾನಾಗಿ ಆಚೆ ಹರಿಯುತ್ತದೆ. ವ್ಯಾನು ನಿಲ್ಲಿಸುವಾಗ ಯಜಮಾನರು ಅಭ್ಯಾಸಬಲದಿಂದ ಹಿಂಭಾಗವನ್ನು ಗೋಡೆಗೆ ಒತ್ತಿ ನಿಲ್ಲಿಸಲು ಹೊರಟರು, ಕಳ್ಳರ ಭಯ ಕಡಿಮೆ ಎಂದು. ಅತ್ತೆ ಕೂಗಿದರು. "ಅಷ್ಟೆಲ್ಲ ದುಡ್ಡು ಸುರಿದು ಮಾಡ್ಸಿರೋ ಬಾಗ್ಲಿಗೆ ಗೋಡೆ ಅಡ್ಡ ಇಡ್ತೀಯಲ್ಲೋ!" ಅಂದಿನಿಂದ ಎಲ್ಲೇ ನಿಲ್ಲಿಸಿದರೂ ಹಿಂದೆ ಒಂದು ಆಳು ಓಡುವಷ್ಟು ಜಾಗ. ಎಡೆಯೂರಿನ ದೇವಸ್ಥಾನದ ಬಳಿ, ಹೆದ್ದಾರಿಯ ಪೆಟ್ರೋಲ್ ಬಂಕುಗಳ ಅಂಗಳದಲ್ಲಿ, ಛತ್ರಗಳ ಮುಂದೆ, ಎಲ್ಲ ಕಡೆ ಅತ್ತೆಯದೇ ತಪಾಸಣೆ. ಮಲಗುವ ಮುಂಚೆ ಕಡಗ ಒಂದು ಸಲ ಎಳೆದು ನೋಡಿಯೇ ದೀಪ ಆರಿಸುತ್ತಿದ್ದರು.

ಆದರೆ ಬಾಗಿಲಿಗೂ ಮಿತಿಯಿದೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಂತ ಕ್ಯಾರವಾನಿನೊಳಗೆ ಇಬ್ಬರು ಸತ್ತುಬಿದ್ದದ್ದು ಪತ್ರಿಕೆಯಲ್ಲಿ ಬಂತು. ಜನರೇಟರಿನ ಹೊಗೆಯ ಕಾರ್ಬನ್ ಮೊನಾಕ್ಸೈಡ್. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವಾಗುವುದೇ ಇಲ್ಲ, ಇನ್ನು ಕಡಗ ಎಳೆಯುವ ಮಾತೆಲ್ಲಿ? ಚಳಿಗೆಂದು ಇದ್ದಿಲ ಒಲೆ ಕೋಣೆಯಲ್ಲಿಟ್ಟು ಮಲಗಿದವರನ್ನು ನಾನು ಕ್ಯಾಶುಯಾಲ್ಟಿಯಲ್ಲಿ ಕಂಡಿದ್ದೇನೆ, ಕೆಂಪಗೆ ಆರೋಗ್ಯವಾಗಿರುವಂತೆಯೇ ಕಾಣುತ್ತಿದ್ದರು. ನಮ್ಮ ವ್ಯಾನಿನಲ್ಲಿ ನಿಂತಾಗ ಎಂಜಿನ್ ಓಡಿಸುವುದಾಗಲಿ, ಒಳಗೆ ಕೆಂಡ ಇಡುವುದಾಗಲಿ ಮೊದಲಿನಿಂದಲೂ ನಿಷಿದ್ಧ. ಆ ಸುದ್ದಿ ಓದಿದ ಮೇಲೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನೂ ತಂದು ತಲೆದಿಂಬಿನ ಎತ್ತರಕ್ಕೆ ಹೊಡೆದೆವು.

ಅದನ್ನು ಹೆಚ್ಚು ದಿನ ಬಳಸಲಾಗಲಿಲ್ಲ. ಅತ್ತೆಯ ಮಂಡಿ ವ್ಯಾನಿನ ಮೆಟ್ಟಿಲು ಹತ್ತಲು ಒಲ್ಲೆ ಎಂದಿತು. ಅವರಿಲ್ಲದೆ ಹೋಗಲು ನಮಗೆ ಲಾಡ್ಜಿನ ಬಗ್ಗೆ ಯಾವ ತಕರಾರೂ ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ, ಹಲಸಿನ ಕಾಲಕ್ಕೆ ಸರಿಯಾಗಿ, ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯ ಹಣ್ಣಿನ ವ್ಯಾಪಾರಿಯೊಬ್ಬರು ವ್ಯಾನು ನೋಡಲು ಬಂದರು. ಎಂಜಿನ್ನು ಕೇಳಿ, ಟೈರು ಒದ್ದು, ಹಿಂದಿನ ಕದ ತೆಗೆದವರು ಕೆಂಪು ಕಡಗ ಕಂಡು ನಿಂತರು.

"ಇದೇನಮ್ಮ ಇದು?"

ವಿವರಿಸಿದೆ. ಕೇಳಿಕೊಂಡು ನಕ್ಕರು. "ಹಲಸಿನಹಣ್ಣು ಒಳಗಿಂದ ಬಾಗ್ಲು ತಕ್ಕೊಂಡು ಬತ್ತದಾ?"

ವ್ಯವಹಾರ ಕುದುರಿತು. ಅವರು ಗಾಡಿಯನ್ನು ನೇರ ಅದೇ ಶೆಡ್ಡಿಗೆ ಒಯ್ದು ಹಿಂದಿನ ಕದಕ್ಕೆ ಕೊಂಡಿ ವೆಲ್ಡ್ ಮಾಡಲು ಹೇಳಿದರಂತೆ, ಕಡಗ ಕಿತ್ತುಹಾಕಲೂ ಹೇಳಿದರಂತೆ. ಮೇಸ್ತ್ರಿ ಕೊಂಡಿ ವೆಲ್ಡ್ ಮಾಡಿ ದುಡ್ಡು ತೆಗೆದುಕೊಂಡರು. ಕಡಗಕ್ಕೆ ಕೈ ಹಚ್ಚಲಿಲ್ಲ. "ಲೋಡಿಂಗ್ ಹುಡುಗ್ರು ಮಳೆ ಬಂದಾಗ ಒಳಗೇ ಮಲಗ್ತಾರೆ, ನಂಗೊತ್ತಿಲ್ವಾ? ಕೊಂಡಿಗೆ ಬೀಗ ಹಾಕೋ ಮುಂಚೆ ಒಳಗೆ ಯಾರವ್ರೆ ಅಂತ ನೋಡಿ ಅಂತ ಹೇಳಿ ಕಳಿಸಿದೀನಿ" ಎಂದು, ನಾನು ಹಳೇ ಬಾಕಿ ಕೊಡಲು ಹೋದಾಗ ಹೇಳಿದರು.